ನಾಮಿನಿ ಅಂದ್ರೆ ವಾರಸುದಾರ ಅಲ್ಲ: ಸಾವಿನ ನಂತರದ ಹಣ, ಕೋರ್ಟು ಮತ್ತು ಬಿಟ್ಟುಹೋಗುವ ಹೆಸರುಗಳು

ಮನೆಯಲ್ಲೊಂದು ಸಾವಾಗಿ, ತಿಥಿ ಮುಗಿದ ಮೇಲೆ ಕಾಗದಪತ್ರದ ಓಡಾಟ ಶುರುವಾಗುತ್ತದೆ. ಬ್ಯಾಂಕಿನವರು 'ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ' ಅಂತಾರೆ. ನಾಡಕಚೇರಿಯಲ್ಲಿ 'ವಂಶವೃಕ್ಷ ಮಾಡಿಸಿ' ಅಂತಾರೆ. ಮನೆಯ ಹಿರಿಯರೊಬ್ಬರು 'ಮಗನೇ ನಾಮಿನಿ ಅಲ್ವಾ, ಇನ್ನೇನು ಬೇಕು?' ಅಂತ ಮಾತು ಮುಗಿಸುತ್ತಾರೆ. ಈ ಗಡಿಬಿಡಿಯಲ್ಲಿ ಮದುವೆಯಾಗಿ ಹೋದ ಮಗಳ ಹೆಸರು ಎಲ್ಲೋ ಬಿಟ್ಟುಹೋಗುತ್ತದೆ. ಅದನ್ನು ಯಾರೂ ಕೇಳುವುದೂ ಇಲ್ಲ.

ಆಸ್ತಿಹಕ್ಕಿನ ಬಗ್ಗೆ ನಾವು ಚರ್ಚಿಸುವುದು ಹೆಚ್ಚಾಗಿ ದೊಡ್ಡ ತೀರ್ಪುಗಳು ಬಂದಾಗ. ಆದರೆ ಆ ಹಕ್ಕು ಕೈಗೆ ಸಿಗುತ್ತದೋ ಇಲ್ಲವೋ ಅನ್ನೋದು ತೀರ್ಮಾನವಾಗುವುದು ಒಂದು ಅರ್ಜಿಯಲ್ಲಿ ಯಾರ ಹೆಸರು ಬರೆದರು ಅನ್ನೋದರ ಮೇಲೆ. ಹಾಗಾಗಿ ಈ ಕಾಗದಗಳನ್ನು ಸರಿಯಾಗಿ ಅರ್ಥ ಮಾಡಿಕೊಳ್ಳೋಣ.

ಇದಕ್ಕೆ ಬೇರೆ ಕೋರ್ಟ್ ಇದೆಯಾ?

ಇಲ್ಲ. ಕೆಲವು ದೇಶಗಳಲ್ಲಿ ಸತ್ತವರ ಆಸ್ತಿ ವಿಚಾರಕ್ಕೆಂದೇ ಪ್ರೊಬೇಟ್ ಕೋರ್ಟ್‌ಗಳಿವೆ. ಕರ್ನಾಟಕದಲ್ಲಿ ಈ ಕೆಲಸವನ್ನೂ ನಮ್ಮ ಸಿವಿಲ್ ಕೋರ್ಟ್‌ಗಳೇ ಮಾಡುತ್ತವೆ. ಇಂಥ ಪ್ರಕರಣಗಳಿಗೆ 'ಪಿ ಆ್ಯಂಡ್ ಎಸ್‌ಸಿ' ಅಂತ ನಂಬರ್ ಬೀಳುತ್ತದೆ. ಅಂದ್ರೆ ಪ್ರೊಬೇಟ್ ಮತ್ತು ಸಕ್ಸೆಷನ್ ಸರ್ಟಿಫಿಕೇಟ್. ಆಧಾರ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಇಲ್ಲಿ ಸಿಗುವುದು ಮುಖ್ಯವಾಗಿ ಮೂರು ಕಾಗದಗಳು.

ಪ್ರೊಬೇಟ್: ಉಯಿಲು (ವಿಲ್) ಅಸಲಿಯೇ ಎಂದು ಕೋರ್ಟ್ ಕೊಡುವ ಮುದ್ರೆ. ಉಯಿಲಿನಲ್ಲಿ ಹೆಸರಿಸಿದ ಎಕ್ಸಿಕ್ಯೂಟರ್ ಇದನ್ನು ಕೇಳಬಹುದು. ಆ ಆಸ್ತಿ ನಿಜವಾಗಿ ಸತ್ತವರದ್ದೇ ಆಗಿತ್ತಾ ಅನ್ನೋ ಪ್ರಶ್ನೆಗೆ ಪ್ರೊಬೇಟ್ ಉತ್ತರ ಕೊಡುವುದಿಲ್ಲ. 213ನೇ ಕಲಮಿನ ಪ್ರಕಾರ ಪ್ರೊಬೇಟ್ ಕಡ್ಡಾಯವಾಗಿದ್ದದ್ದು ಮುಖ್ಯವಾಗಿ ಮುಂಬೈ, ಚೆನ್ನೈ, ಕೋಲ್ಕತ್ತಾದಂಥ ಹಳೆಯ ಪ್ರೆಸಿಡೆನ್ಸಿ ಪ್ರದೇಶಗಳಿಗೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಲಮನ್ನೇ ತೆಗೆದುಹಾಕಿತು.

ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್: ಉಯಿಲು ಇಲ್ಲದಿದ್ದಾಗ, ಅಥವಾ ಉಯಿಲಿದ್ದೂ ಎಕ್ಸಿಕ್ಯೂಟರ್ ಇಲ್ಲದಿದ್ದಾಗ, ಸತ್ತವರ ಆಸ್ತಿಯನ್ನು ನಿರ್ವಹಿಸಲು ಕೊಡುವ ಅಧಿಕಾರ ಪತ್ರ.

ಸಕ್ಸೆಷನ್ ಸರ್ಟಿಫಿಕೇಟ್: ಸಾಮಾನ್ಯ ಕುಟುಂಬಗಳಿಗೆ ಹೆಚ್ಚು ಬೇಕಾಗುವುದು ಇದೇ. ಬ್ಯಾಂಕ್ ಠೇವಣಿ, ಷೇರು, ಬಾಂಡ್, ಸತ್ತವರಿಗೆ ಬರಬೇಕಿದ್ದ ಬಾಕಿ ಹಣ, ಇವಕ್ಕೆ ಮಾತ್ರ ಅನ್ವಯ. ಮನೆ, ಜಮೀನು ಇದರಲ್ಲಿ ಬರುವುದಿಲ್ಲ.

ಜಮೀನಿನ ದಾರಿಯೇ ಬೇರೆ. ವಂಶವೃಕ್ಷದ ಆಧಾರದ ಮೇಲೆ ಪೌತಿ ಖಾತೆ ಆಗಿ ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಆದರೆ ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರಲ್ಲ, ಅದು ಕಂದಾಯದ ದಾಖಲೆ ಅಷ್ಟೇ ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಅಣ್ಣನ ಹೆಸರಿಗೆ ಖಾತೆ ಆಗಿಹೋಗಿದೆ ಅಂತ ತಂಗಿಯ ಪಾಲು ಕರಗುವುದಿಲ್ಲ.

ಅರ್ಜಿ ಹಾಕಿದ ಮೇಲೆ ಏನಾಗುತ್ತೆ?

ಸತ್ತವರು ಕೊನೆಯಲ್ಲಿ ಸಾಮಾನ್ಯವಾಗಿ ಎಲ್ಲಿ ವಾಸವಿದ್ದರೋ ಅಲ್ಲಿನ ಕೋರ್ಟಿಗೆ ಅರ್ಜಿ ಹಾಕಬೇಕು. ಕಾಯ್ದೆಯ 372ನೇ ಕಲಮು ಅರ್ಜಿಯಲ್ಲಿ ಏನೇನಿರಬೇಕು ಅಂತ ಪಟ್ಟಿ ಕೊಡುತ್ತದೆ: ಸತ್ತ ದಿನ, ವಾಸದ ಸ್ಥಳ, ಕುಟುಂಬದವರು ಮತ್ತು ಹತ್ತಿರದ ಸಂಬಂಧಿಕರ ಹೆಸರು-ವಿಳಾಸ, ಅರ್ಜಿದಾರರಿಗೆ ಹಕ್ಕು ಹೇಗೆ ಬಂತು, ಯಾವ ಯಾವ ಹಣಕ್ಕೆ ಸರ್ಟಿಫಿಕೇಟ್ ಬೇಕು.

ಕೋರ್ಟ್ ಸಂಬಂಧಪಟ್ಟವರಿಗೆ ನೋಟಿಸ್ ಕಳಿಸುತ್ತದೆ. ಸಾಮಾನ್ಯವಾಗಿ ಪತ್ರಿಕೆಯಲ್ಲೂ ಪ್ರಕಟಣೆ ಕೊಡಿಸುತ್ತದೆ. ಆಕ್ಷೇಪಣೆ ಇದ್ದವರು ಬಂದು ಹೇಳಬಹುದು. ಯಾರೂ ತಕರಾರು ಮಾಡದಿದ್ದರೆ ಅರ್ಜಿದಾರರ ಸಾಕ್ಷ್ಯ, ದಾಖಲೆ ನೋಡಿ ಆದೇಶ ಆಗುತ್ತದೆ. ಕೋರ್ಟ್ ಶುಲ್ಕ ಕಟ್ಟಬೇಕು. ಕೆಲವೊಮ್ಮೆ ಜಾಮೀನು ಬಾಂಡ್ ಕೂಡ ಕೇಳುತ್ತಾರೆ.

ಸರ್ಟಿಫಿಕೇಟ್ ಸಿಕ್ಕಿತು ಅಂದ್ರೆ ಹಣವೆಲ್ಲ ಅರ್ಜಿದಾರರದ್ದೇ ಅಂತಲ್ಲ. ಅದು ಹಣ ವಸೂಲಿ ಮಾಡುವ ಅಧಿಕಾರ. ಆ ಕಾಗದ ನಂಬಿ ಹಣ ಕೊಟ್ಟ ಬ್ಯಾಂಕಿಗೆ ರಕ್ಷಣೆ ಸಿಗುತ್ತದೆ. ಹಣ ಪಡೆದವರು ಉಳಿದ ವಾರಸುದಾರರಿಗೆ ಅವರವರ ಪಾಲು ಕೊಡಲೇಬೇಕು.

ಹಾಗಾದ್ರೆ ನಾಮಿನಿ ಯಾರು?

ಹಣ ಸ್ವೀಕರಿಸುವ ವ್ಯಕ್ತಿ. 1984ರಲ್ಲೇ ಸುಪ್ರೀಂ ಕೋರ್ಟ್ ಜೀವವಿಮೆ ವಿಚಾರದಲ್ಲಿ, ನಾಮಿನಿ ಹಣ ಪಡೆಯಬಹುದು, ಆದರೆ ಅದು ಕಾನೂನುಬದ್ಧ ವಾರಸುದಾರರಿಗೆ ಸೇರಿದ್ದು ಅಂದಿತ್ತು. 2023ರ ಡಿಸೆಂಬರಿನಲ್ಲಿ ಷೇರುಗಳ ವಿಚಾರದಲ್ಲೂ ಇದನ್ನೇ ಹೇಳಿತು. 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ತಂದೆ-ತಾಯಿ, ಸಂಗಾತಿ ಅಥವಾ ಮಕ್ಕಳು ನಾಮಿನಿಯಾಗಿದ್ದರೆ ಹಣ ಪೂರ್ತಿ ಅವರದ್ದೇ ಅನ್ನೋ ವಾದ ಎದ್ದಿತ್ತು. 2025ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಒಪ್ಪಲಿಲ್ಲ. ಮದುವೆಗೆ ಮೊದಲು ತಾಯಿಯನ್ನು ನಾಮಿನಿ ಮಾಡಿದ್ದವರು ತೀರಿಕೊಂಡಾಗ ಹೆಂಡತಿ, ಮಗುವಿಗೂ ಪಾಲಿದೆ ಎಂದಿತು.

ಹಿಂದೂ ಪುರುಷರೊಬ್ಬರು ಉಯಿಲು ಬರೆಯದೆ ತೀರಿಕೊಂಡರೆ ಮೊದಲ ದರ್ಜೆಯ ವಾರಸುದಾರರಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಜೊತೆಗೆ ತಾಯಿಯೂ ಇರುತ್ತಾರೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ಪಾಲಿನ ಲೆಕ್ಕ ಬೇರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಸಮಪಾಲು ಕೊಟ್ಟದ್ದು 2005ರ ಕೇಂದ್ರ ತಿದ್ದುಪಡಿ. ಅದಕ್ಕಿಂತ ದಶಕದ ಮೊದಲೇ, 1994ರಲ್ಲಿ, ಕರ್ನಾಟಕ ಈ ದಿಕ್ಕಿನಲ್ಲಿ ಸ್ವಂತ ಕಾನೂನು ತಂದಿತ್ತು. ಆದರೂ 'ಅರಿಶಿನ ಕುಂಕುಮಕ್ಕೆ ಇಷ್ಟು ಕೊಡ್ತೀವಿ, ಇಲ್ಲೊಂದು ಸೈನ್ ಹಾಕು' ಅನ್ನೋ ಮಾತು ನಮ್ಮ ಮನೆಗಳಿಂದ ಹೋಗಿಲ್ಲ.

ಹೆಸರು ಬಿಟ್ಟರೆ?

383ನೇ ಕಲಮು ನೆನಪಿಟ್ಟುಕೊಳ್ಳಿ. ಸುಳ್ಳು ಹೇಳಿ ಅಥವಾ ಮುಖ್ಯ ಸಂಗತಿ ಮುಚ್ಚಿಟ್ಟು ಸರ್ಟಿಫಿಕೇಟ್ ಪಡೆದಿದ್ದರೆ ಕೋರ್ಟ್ ಅದನ್ನು ರದ್ದು ಮಾಡಬಹುದು. 'ಇವರಿಗೆ ನಾವಿಬ್ಬರೇ ಮಕ್ಕಳು' ಅಂತ ಅಣ್ಣತಮ್ಮಂದಿರು ಬರೆದುಕೊಟ್ಟು, ಅಕ್ಕನ ಹೆಸರು ಬಿಟ್ಟಿದ್ದರೆ ಅಕ್ಕ ಕೇಳಬೇಕಾದದ್ದು ಇದನ್ನೇ. ಈ ಪ್ರಕ್ರಿಯೆಯಲ್ಲಿ ಬಂದ ತೀರ್ಮಾನ, ತನ್ನ ಪಾಲಿಗಾಗಿ ಪ್ರತ್ಯೇಕ ದಾವೆ ಹೂಡುವುದಕ್ಕೂ ಅಡ್ಡಿಯಾಗದು.

ಎರಡನೇ ಮದುವೆಯ ಮಕ್ಕಳ ಹೆಸರು ಬಿಡುವುದೂ ಸಾಮಾನ್ಯ. ಆ ಮದುವೆ ಕಾನೂನಿನ ಪ್ರಕಾರ ಅಸಿಂಧುವಾಗಿದ್ದರೂ ಹೆತ್ತವರ ಆಸ್ತಿಯಲ್ಲಿ ಆ ಮಕ್ಕಳಿಗೆ ಪಾಲಿದೆ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣ ಹೋದದ್ದು ಕರ್ನಾಟಕದಿಂದಲೇ.

ಪ್ರತಿ ಬಾರಿಯೂ ಕೋರ್ಟಿಗೆ ಹೋಗಬೇಕಾ?

ಬೇಡ. ಖಾತೆಗೆ ನಾಮಿನಿ ಇದ್ದರೆ ಬ್ಯಾಂಕ್ ಹಣ ಕೊಡಲು ಸರ್ಟಿಫಿಕೇಟ್ ಬೇಕಿಲ್ಲ. ನಾಮಿನಿ ಇಲ್ಲದಿದ್ದರೂ, ವಿವಾದ ಇಲ್ಲದಿದ್ದರೆ, 15 ಲಕ್ಷ ರೂಪಾಯಿವರೆಗೆ (ಸಹಕಾರಿ ಬ್ಯಾಂಕ್‌ಗಳಲ್ಲಿ 5 ಲಕ್ಷ) ಸರಳ ದಾಖಲೆಗಳ ಮೇಲೆ ಇತ್ಯರ್ಥ ಮಾಡಬೇಕು ಅಂತ ಆರ್‌ಬಿಐ 2025ರ ಸೆಪ್ಟೆಂಬರಿನಲ್ಲಿ ನಿಯಮ ತಂದಿತು. ದಾಖಲೆ ಪೂರ್ತಿ ಕೊಟ್ಟ ಮೇಲೆ 15 ದಿನ ಗಡುವು. 2026ರ ಮಾರ್ಚ್ 31ರೊಳಗೆ ಜಾರಿ ಮಾಡಲು ಬ್ಯಾಂಕ್‌ಗಳಿಗೆ ಸೂಚಿಸಿತ್ತು. ಸಣ್ಣ ಮೊತ್ತಕ್ಕೂ ಕೌಂಟರಿನಲ್ಲಿ 'ಕೋರ್ಟಿಗೆ ಹೋಗಿ' ಅಂದರೆ ಈ ನಿಯಮ ತೋರಿಸಿ, ಬರಹದಲ್ಲಿ ಉತ್ತರ ಕೇಳಿ.

ಒಂದು ಎಚ್ಚರಿಕೆ. ಈ ಸರಳ ದಾರಿಯಲ್ಲಿ ಹಣ ಕೇಳದ ವಾರಸುದಾರರಿಂದ 'ನಮ್ಮ ತಕರಾರಿಲ್ಲ' ಅಂತ ಪತ್ರ ಪಡೆಯುತ್ತಾರೆ. ಅಕ್ಕತಂಗಿಯರ ಸಹಿ ಬೀಳುವ ಜಾಗ ಅದು. ಓದದೆ ಸಹಿ ಹಾಕಬೇಡಿ, ನಿಮ್ಮ ಅಮ್ಮನಿಗೂ ಹಾಕಲು ಬಿಡಬೇಡಿ.

ವಕೀಲರಿಗೆ ದುಡ್ಡಿಲ್ಲದಿದ್ದರೆ?

ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಇವರಿಗೆ ಆದಾಯದ ಮಿತಿಯೂ ಇಲ್ಲ. ತಾಲೂಕು ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಸಹಾಯವಾಣಿ 15100.

ಇವತ್ತೇ ಮಾಡಬಹುದಾದ ಕೆಲಸವೂ ಇದೆ. ಮನೆಯವರ ಖಾತೆ, ವಿಮೆ, ಪಿಎಫ್‌ಗೆ ನಾಮಿನಿ ಯಾರಿದ್ದಾರೆ ಅಂತ ನೋಡಿ. ಹಳೆಯ ಮರೆತ ಠೇವಣಿಗಳನ್ನು ಆರ್‌ಬಿಐನ ಉದ್ಗಮ್ ಪೋರ್ಟಲ್‌ನಲ್ಲಿ ಹುಡುಕಿ. ಉಯಿಲು ಬರೆಯುವುದಿದ್ದರೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಮತ್ತೆ, ವಂಶವೃಕ್ಷದ ಅರ್ಜಿ ತುಂಬುವ ದಿನ ಪೆನ್ನು ನಿಮ್ಮ ಕೈಯಲ್ಲಿದ್ದರೆ ಎಲ್ಲ ಹೆಸರೂ ಬರೆಯಿರಿ, ಮದುವೆಯಾಗಿ ಹೋದವರದ್ದನ್ನೂ ಸೇರಿಸಿ.