ಟ್ರೌಟ್ ಮೊಟ್ಟೆ, ಎಲೆಯ ಹಸಿರು

1960ರ ಸುಮಾರಿಗೆ ಅಮೆರಿಕದ ಮೀನುಮರಿ ಕೇಂದ್ರಗಳಲ್ಲಿ ಸಾಕಿದ ರೇನ್‌ಬೋ ಟ್ರೌಟ್‌ಗಳ ಹೊಟ್ಟೆ ಸೀಳಿದರೆ ಲಿವರಿನ ತುಂಬ ಗಂಟು. ಕ್ಯಾನ್ಸರ್. ಅದೂ ಒಂದೆರಡು ಮೀನಿಗಲ್ಲ, ತೊಟ್ಟಿಗೆ ತೊಟ್ಟಿಯೇ. ಅಷ್ಟು ಹೊತ್ತಿಗೆ ಸಾಕಣೆಯವರು ಹಸಿ ಮಾಂಸ ಹಾಕುವುದನ್ನು ಬಿಟ್ಟು ಒಣ ಗುಳಿಗೆಯ ಮೇವಿಗೆ ಬಂದಿದ್ದರು. ಅದರಲ್ಲಿ ಹತ್ತಿಕಾಳಿನ ಹಿಂಡಿ ಇರುತ್ತಿತ್ತು.

1960ರಲ್ಲೇ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಮರಿಗಳು ಸತ್ತವು. ಏನೆಂದು ತಿಳಿಯದೆ ಕಾಯಿಲೆಗೆ ‘ಎಕ್ಸ್’ ಎಂದೇ ಹೆಸರಿಟ್ಟರು. ಹುಡುಕುತ್ತ ಹೋದರೆ ಜಾಡು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಗೆ ಮುಟ್ಟಿತು. ಹಿಂಡಿಗೆ ಬೂಷ್ಟು ಹಿಡಿದಿತ್ತು: ಆಸ್ಪರ್ಜಿಲಸ್ ಫ್ಲೇವಸ್, ಅಣಬೆಯ ದೂರದ ನೆಂಟ. ಅದರ ವಿಷವನ್ನು ಬೇರ್ಪಡಿಸಿ ನೇರಳಾತೀತ ಬೆಳಕಿಗೆ ಹಿಡಿದಾಗ ಕೆಲವು ಚುಕ್ಕೆ ನೀಲಿಯಾಗಿ, ಕೆಲವು ಹಸಿರಾಗಿ ಹೊಳೆದವು. ಅಫ್ಲಾಟಾಕ್ಸಿನ್ ಎಂದು ಕರೆದರು. ಟ್ರೌಟ್‌ಗಳ ಹಿಂಡಿಯಲ್ಲೂ ಕೂತಿದ್ದದ್ದು ಇದೇ.

ಮೇವಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ವಿಷವಿದ್ದರೂ ಸಾಕು, ಕಾಲಾಂತರದಲ್ಲಿ ಟ್ರೌಟ್‌ಗೆ ಗಂಟು ಏಳುತ್ತದೆ. ಸಾಕುವವನಿಗೆ ಇದು ಶಾಪ. ಆದರೆ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕ ರಸೆಲ್ ಸಿನ್‌ಹ್ಯೂಬರ್ ಅವರಿಗೆ ಚಿನ್ನ ತೂಗುವ ತಕ್ಕಡಿ ಸಿಕ್ಕಂತಾಯಿತು. 1978ರಲ್ಲಿ ಅವರ ತಂಡ ಮೀನನ್ನು ಬಿಟ್ಟು ಮೊಟ್ಟೆಯನ್ನೇ ಹಿಡಿಯಿತು. ಬಟಾಣಿಗಿಂತ ಸಣ್ಣದು, ಬಲಿತಾಗ ಒಳಗಿನ ಮರಿಯ ಕಣ್ಣು ಎರಡು ಕಪ್ಪು ಚುಕ್ಕೆಯಾಗಿ ಹೊರಗೇ ಕಾಣುತ್ತದೆ. ಅದನ್ನು ಹೆಚ್ಚೆಂದರೆ ಒಂದು ಗಂಟೆ ವಿಷದ ನೀರಿನಲ್ಲಿ ಅದ್ದಿ ತೆಗೆದರು. ಆಮೇಲೆ ಶುದ್ಧ ನೀರು, ಶುದ್ಧ ಮೇವು. ಆದರೂ ತಿಂಗಳುಗಳು ಕಳೆದು ಬೆಳೆದ ಮೀನಿನ ಲಿವರಿನಲ್ಲಿ ಗಂಟು! ಬಾಯಿ ಮೂಡುವ ಮೊದಲೇ ಉಂಡ ವಿಷ ಅದು.

ಹಾಗಾದರೆ ತಡೆ? ಅದೇ ವಿಶ್ವವಿದ್ಯಾಲಯದ ಜಾರ್ಜ್ ಬೈಲಿ ಮತ್ತು ಸಂಗಡಿಗರು ಕ್ಲೋರೋಫಿಲಿನ್ ಹಿಡಿದು ನೋಡಿದರು. ಎಲೆಹಸಿರಿನಿಂದ ತಯಾರಾಗುವ, ನೀರಿನಲ್ಲಿ ಕರಗುವ, ತಿನಿಸಿಗೆ ಬಣ್ಣ ಕೊಡಲು ಬಳಸುವ ಸಾಮಾನ್ಯ ಪುಡಿ. ಮೇವಿಗೆ ವಿಷದ ಜೊತೆ ಅದನ್ನೂ ಬೆರೆಸಿದಾಗ ಕ್ಯಾನ್ಸರ್ ಬಹಳ ಇಳಿಯಿತು, 1995ರಲ್ಲಿ ಪ್ರಕಟಿಸಿದರು. ಎರಡರ ಅಣುವೂ ಚಪ್ಪಟೆ. ದೋಸೆಯ ಮೇಲೆ ದೋಸೆಯಂತೆ ಅಂಟಿಕೊಂಡರೆ ವಿಷ ಕರುಳು ದಾಟುವುದು ಕಷ್ಟ.

ಈ ಪ್ರಯೋಗ ಮೀನಿನಿಂದ ಮನುಷ್ಯರಿಗೆ ಬಂದದ್ದು ಚೀನಾದ ಚಿಡಾಂಗ್‌ನಲ್ಲಿ. ಲಿವರ್ ಕ್ಯಾನ್ಸರ್ ವಿಪರೀತ ಇದ್ದ ಸೀಮೆ. 180 ಜನರಲ್ಲಿ ಒಂದು ಗುಂಪಿಗೆ ಊಟದ ಹೊತ್ತಿಗೆ 100 ಮಿಲಿಗ್ರಾಂ ಕ್ಲೋರೋಫಿಲಿನ್ ಮಾತ್ರೆ, ದಿನಕ್ಕೆ ಮೂರು, ನಾಲ್ಕು ತಿಂಗಳು. ವಿಷವು ಡಿಎನ್ಎಗೆ ಅಂಟಿದ್ದರ ಗುರುತು ಅವರ ಮೂತ್ರದಲ್ಲಿ ಉಳಿದವರಿಗಿಂತ 55% ಕಡಿಮೆ ಇತ್ತು. ಗುರುತು ಕಡಿಮೆಯಾದ ಮಾತ್ರಕ್ಕೆ ಕ್ಯಾನ್ಸರ್ ತಪ್ಪಿತೆಂದು ಹೇಳಲಾಗದು, ಅದಕ್ಕೆ ವರ್ಷಗಟ್ಟಲೆ ಕಾಯಬೇಕು.

ಮಾತ್ರೆ ಕರುಳಲ್ಲೇ ಉಳಿದು ಹೊರಗೆ ಹೋಗುತ್ತದೆ ಎಂದು ಎಣಿಸಿದ್ದವರಿಗೆ ಇನ್ನೊಂದು ಅಚ್ಚರಿ ಕಾದಿತ್ತು. ಮಾತ್ರೆ ನುಂಗಿದವರ ರಕ್ತದಿಂದ ಬೇರ್ಪಡಿಸಿದ ಸೀರಂ ಕೊಳವೆಯೊಳಗೆ ಹಸಿರಾಗಿ ನಿಂತಿತ್ತು.