ಆಡುವುದು, ಆಡಿಸುವುದು: ರಾಹುಲ್ ದ್ರಾವಿಡ್ ಅವರ ಕ್ರೀಡಾಜೀವನ

ಕನ್ನಡದ ‘ಆಡು’ ಧಾತುವಿಗೆ ‘ಇಸು’ ಪ್ರತ್ಯಯ ಸೇರಿದಾಗ ‘ಆಡಿಸು’ ಎಂಬ ಪ್ರೇರಣಾರ್ಥಕ ರೂಪ ಸಿದ್ಧವಾಗುತ್ತದೆ. ಮರಾಠಿಯ ‘ಖೇಳಣೆ’, ‘ಖೇಳವಣೆ’ಗಳ ಸಂಬಂಧವೂ ಇಂಥದೇ. ವ್ಯಾಕರಣದಲ್ಲಿ ಒಂದು ಪ್ರತ್ಯಯದಷ್ಟೇ ಇರುವ ಈ ಅಂತರವನ್ನು ಬದುಕಿನಲ್ಲಿ ದಾಟುವುದು ಸುಲಭವಲ್ಲ.

ಈ ಎರಡು ಕ್ರಿಯೆಗಳನ್ನೂ ಒಬ್ಬನೇ ಏಕಕಾಲಕ್ಕೆ ನಿರ್ವಹಿಸುವ ಪದ್ಧತಿ ಫುಟ್‌ಬಾಲಿನಲ್ಲಿತ್ತು. 1940ರಲ್ಲಿ ಡಬ್ಲಿನ್ನಿನಲ್ಲಿ ಜನಿಸಿದ ಜಾನಿ ಗೈಲ್ಸ್ 1973ರಲ್ಲಿ ಐರ್ಲೆಂಡ್ ಗಣರಾಜ್ಯದ ತಂಡಕ್ಕೆ, 1975ರಲ್ಲಿ ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಕ್ಲಬ್ಬಿಗೆ ಆಟಗಾರರೂ ವ್ಯವಸ್ಥಾಪಕರೂ ಆದರು. 1976ರಲ್ಲಿ ಆ ಕ್ಲಬ್ಬು ಮೊದಲ ದರ್ಜೆಗೆ ಏರಿತು. ಕ್ರಿಕೆಟ್ಟಿನಲ್ಲಿ ಹಾಗಲ್ಲ, ನಾಯಕನು ಆಡುತ್ತಲೇ ಆಡಿಸುತ್ತಾನೆ, ತರಬೇತುದಾರನು ಗೆರೆಯಾಚೆ ನಿಲ್ಲುತ್ತಾನೆ. ಈ ಎರಡು ಸ್ಥಾನಗಳನ್ನೂ ವಹಿಸಿದವರು ರಾಹುಲ್ ದ್ರಾವಿಡ್.

1973ರಲ್ಲಿ ಇಂದೂರಿನ ಮರಾಠಿ ಮನೆತನದಲ್ಲಿ ಜನಿಸಿ, ಬೆಂಗಳೂರಿನಲ್ಲಿ ಬೆಳೆದು, ಕನ್ನಡಿಗರೇ ಆದ ದ್ರಾವಿಡ್ ನಮ್ಮ ಗಡಿನಾಡಿನ ವಿದ್ಯಾರ್ಥಿಗಳಿಗೆ ಪರಕೀಯರೆನಿಸಲಾರರು. 1996ರಲ್ಲಿ ಲಾರ್ಡ್ಸ್ ಮೈದಾನದಲ್ಲಿ 95 ಓಟಗಳೊಡನೆ ಆರಂಭವಾದ ಅವರ ಟೆಸ್ಟ್ ಜೀವನ 164 ಪಂದ್ಯ, 13,288 ಓಟ, 36 ಶತಕಗಳಲ್ಲಿ ಪೂರ್ಣಗೊಂಡಿತು.

ನಾಯಕರಾಗಿ ಅವರು ಕಂಡದ್ದು ಬೆರಕೆಯ ಫಲ. 2006ರಲ್ಲಿ ವೆಸ್ಟ್ ಇಂಡೀಸಿನಲ್ಲಿ, 2007ರಲ್ಲಿ ಇಂಗ್ಲೆಂಡಿನಲ್ಲಿ ಟೆಸ್ಟ್ ಸರಣಿಗಳನ್ನು ಗೆದ್ದರು. ಆದರೆ ಅದೇ 2007ರ ವಿಶ್ವಕಪ್ಪಿನಲ್ಲಿ, ವೆಸ್ಟ್ ಇಂಡೀಸಿನ ನೆಲದಲ್ಲಿಯೇ, ಬಾಂಗ್ಲಾದೇಶ ಮತ್ತು ಶ್ರೀಲಂಕಾಗಳಿಗೆ ಸೋತು ತಂಡವು ಮೊದಲ ಸುತ್ತಿನಲ್ಲಿಯೇ ಮರಳಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಅವರು ನಾಯಕತ್ವವನ್ನು ತೊರೆದರು.

ನಿವೃತ್ತಿಯ ಬಳಿಕ ಅವರು ಆರಿಸಿಕೊಂಡದ್ದು ‘ಎ’ ತಂಡವನ್ನೂ ಹತ್ತೊಂಬತ್ತರೊಳಗಿನ ಹುಡುಗರನ್ನೂ. ಎಳೆಯ ವಯಸ್ಸಿನಲ್ಲಿ ‘ಎ’ ತಂಡದ ಪ್ರವಾಸಕ್ಕೆ ಹೋಗಿ ಆಡುವ ಅವಕಾಶ ದೊರೆಯದ ಸಂಕಟವನ್ನು ಅನುಭವಿಸಿದ್ದುದಾಗಿ ಅವರೇ ಹೇಳಿಕೊಂಡಿದ್ದಾರೆ. ಆದುದರಿಂದಲೇ ತಮ್ಮೊಡನೆ ಬಂದ ಹುಡುಗನು ಒಂದು ಪಂದ್ಯವನ್ನಾದರೂ ಆಡದೆ ಮರಳಬಾರದೆಂಬುದು ಅವರ ನಿಯಮವಾಯಿತು. ಆಡಿದವನ ನೋವು ಆಡಿಸುವವನ ನೀತಿಯಾದುದು ಹೀಗೆ.

2018ರಲ್ಲಿ ಅವರ ಹುಡುಗರು ನ್ಯೂಜಿಲೆಂಡಿನಲ್ಲಿ ಕಿರಿಯರ ವಿಶ್ವಕಪ್ ಗೆದ್ದರು. ಕ್ರಿಕೆಟ್ ಮಂಡಳಿಯು ದ್ರಾವಿಡ್ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ಅವರು ಈ ಭೇದವನ್ನು ಒಪ್ಪಲಿಲ್ಲ. ಕೊನೆಗೆ ಎಲ್ಲರಿಗೂ ಸಮನಾಗಿ 25 ಲಕ್ಷ ಸಂದಿತು.

2021ರಲ್ಲಿ ಅವರು ಹಿರಿಯರ ತಂಡದ ಮುಖ್ಯ ತರಬೇತುದಾರರಾದರು. 2023ರ ನವೆಂಬರಿನಲ್ಲಿ ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ಭಾರತ ಆಸ್ಟ್ರೇಲಿಯಕ್ಕೆ ಸೋತಿತು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ದಕ್ಷಿಣ ಆಫ್ರಿಕವನ್ನು 7 ಓಟಗಳಿಂದ ಮಣಿಸಿ ಟಿ-20 ವಿಶ್ವಕಪ್ ಗೆದ್ದಿತು. ಆಟಗಾರನಾಗಿ ಕೈಗೆಟುಕದ ವಿಶ್ವಕಪ್, ನಾಯಕನಾಗಿ ಸೋತ ಅದೇ ಕೆರಿಬಿಯನ್ ದ್ವೀಪಗಳಲ್ಲಿ, ಆಡಿಸಿದವನಾಗಿ ದೊರೆಯಿತು.

‘ತರಬೇತುದಾರನು ಹುಡುಗರಿಂದ ಆಟ ಆಡಿಸಿದನು’ ಎಂಬ ವಾಕ್ಯದಲ್ಲಿ ಪ್ರಥಮಾ ವಿಭಕ್ತಿ ತರಬೇತುದಾರನಿಗೆ. ನಿಜವಾಗಿ ಆಡಿದ ಹುಡುಗರಿಗೆ ತೃತೀಯಾ. ಮೈದಾನದಲ್ಲಿ ಈ ಕ್ರಮ ತಿರುಗುಮುರುಗಾಗಬೇಕು. ತಾನು ಹಿಂದೆ ಸರಿದು ಹುಡುಗರನ್ನು ಕರ್ತೃಸ್ಥಾನದಲ್ಲಿ ನಿಲ್ಲಿಸಬಲ್ಲವನೇ ಒಳ್ಳೆಯ ತರಬೇತುದಾರ.

ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಐಚ್ಛಿಕ ಕನ್ನಡ ಓದುತ್ತಿರುವ ನಿಮ್ಮಲ್ಲಿ ಹಲವರು ನಾಳೆ ಅಧ್ಯಾಪಕರಾಗುವಿರಿ. ನಿಮ್ಮ ಮುಂದೆ ಕೂರುವ ಮಗುವಿಗೆ ಮನೆಯಲ್ಲೊಂದು ನುಡಿ, ಶಾಲೆಯಲ್ಲೊಂದು ನುಡಿ ಇರಬಹುದು. ಆಗ ನಿಮ್ಮ ಅಂಕಗಳಿಗಿಂತ, ನೀವು ಕಲಿಯುವಾಗ ಎಲ್ಲಿ ತೊಡಕಿದಿರಿ ಎಂಬ ನೆನಪೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ‘ಕಲಿ’ ಧಾತುವು ‘ಕಲಿಸು’ ಆಗುವುದೂ ಅದೇ ‘ಇಸು’ ಪ್ರತ್ಯಯದಿಂದಲೇ.