ಹಿಟ್ಟು ತಿಗಣೆಯ ಮೈಯೊಳಗಿನ ಮನೆಯಳಿಯ



ಬೇಸಗೆಯಲ್ಲಿ ರೊಬಸ್ಟಾ ಕಾಫಿಯ ಮಿಡಿಗೊಂಚಲನ್ನು ಬಿಡಿಸಿ ನೋಡಿ. ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಕೂತಿರುತ್ತದಲ್ಲ, ಅದೇ ಹಿಟ್ಟು ತಿಗಣೆ. ನಮ್ಮ ಬಾಳೆಹೊನ್ನೂರಿನಲ್ಲಿ 1925ರಿಂದ ಇರುವ ಕಾಫಿ ಸಂಶೋಧನಾ ಕೇಂದ್ರದವರಿಗೂ ಇದು ಹಳೆಯ ಪರಿಚಯ.

ಈ ಹುಳು ಕುಡಿಯುವುದು ಗಿಡದ ರಸವನ್ನು ಮಾತ್ರ. ಅದರಲ್ಲಿ ಸಕ್ಕರೆ ಧಾರಾಳ. ಮೈ ಬೆಳೆಯಲು ಬೇಕಾದ ಅಮೈನೋ ಆಮ್ಲಗಳು ಬಲು ಕಡಿಮೆ. ಬರೀ ಬೆಲ್ಲದ ನೀರು ಕುಡಿದು ಕೂಸು ಬೆಳೆದೀತೇ? ಆದರೂ ತಿಗಣೆ ಸಾವಿರಗಟ್ಟಲೆ ಆಗುತ್ತದೆ. ಏಕೆಂದರೆ ಅದರ ಮೈಯೊಳಗೇ ಒಂದು ಅಡುಗೆಮನೆಯಿದೆ. ಅಲ್ಲಿ ಟ್ರೆಂಬ್ಲಾಯ ಎಂಬ ಬ್ಯಾಕ್ಟೀರಿಯಾ ವಾಸವಾಗಿದೆ. ಅದರ ಹೊಟ್ಟೆಯೊಳಗೆ ಮೊರಾನೆಲ್ಲ ಎಂಬ ಇನ್ನೊಂದು!

ಪ್ರತಿ ಜೀವಿಗೂ ಬದುಕುವ ಬಗೆಯನ್ನು ಬರೆದಿಟ್ಟ ಕಡತವೊಂದುಂಟು. ನಮ್ಮ ಕರುಳಿನ ಒಂದು ಸಾಮಾನ್ಯ ಬ್ಯಾಕ್ಟೀರಿಯಾದ ಕಡತದಲ್ಲಿ ಸುಮಾರು 46 ಲಕ್ಷ ಅಕ್ಷರಗಳಿವೆ. ಟ್ರೆಂಬ್ಲಾಯದ್ದರಲ್ಲಿ 1 ಲಕ್ಷ 39 ಸಾವಿರ ಮಾತ್ರ. ಇದು 2011ರಲ್ಲಿ ಪ್ರಕಟವಾದ ಲೆಕ್ಕ.

ಉಳಿದದ್ದು ಎಲ್ಲಿ ಹೋಯಿತು? ಕೂತಲ್ಲಿಗೇ ಊಟ ಬರುವ ಮನೆಯಳಿಯನಿಗೆ ತನ್ನ ನೇಗಿಲು ತುಕ್ಕು ಹಿಡಿದದ್ದು ಗೊತ್ತಾಗುವುದಿಲ್ಲ. (ಮನೆಯಳಿಯಂದಿರು ಕೋಪಿಸಿಕೊಳ್ಳಬಾರದು ಮಾರಾಯ್ರೇ.) ಕಡತ ನಕಲಾಗುವಾಗ ಒಂದು ಪುಟ ಬಿಟ್ಟುಹೋದರೂ ಟ್ರೆಂಬ್ಲಾಯದ ಬದುಕು ನಡೆಯಿತು. ಅದು ತಾಯಿ ತಿಗಣೆಯಿಂದ ಮೊಟ್ಟೆಗೆ, ಹಾಗೇ ಮರಿಗೆ ಹೋಗುವಂಥದ್ದು. ಹೊರಗಿನ ಬ್ಯಾಕ್ಟೀರಿಯಾಗಳ ಸಹವಾಸವಿಲ್ಲ. ಹಾಗಾಗಿ ಕಳೆದ ಪುಟವನ್ನು ಎರವಲು ತರಲು ದಾರಿಯಿಲ್ಲ. ಅಮೈನೋ ಆಮ್ಲ ತಯಾರಿಸುವ ಕೆಲವು ಪುಟಗಳು ಮಾತ್ರ ಗಟ್ಟಿಯಾಗಿ ಉಳಿದಿವೆ; ಅವು ಹೋದರೆ ತಿಗಣೆ ಸಾಯುತ್ತದೆ, ಅದರ ಜೊತೆಗೆ ಅಳಿಯನೂ. ಆ ಅಡುಗೆಯೂ ಈಗ ಒಬ್ಬರ ಕೈಯದ್ದಲ್ಲ. ಕೆಲವು ಹಂತ ಟ್ರೆಂಬ್ಲಾಯ, ಕೆಲವು ಮೊರಾನೆಲ್ಲ, ಮತ್ತೆ ಕೆಲವಕ್ಕೆ ತಿಗಣೆಯೇ ಕೈಹಾಕುತ್ತದೆ. ಮೂವರಲ್ಲಿ ಒಬ್ಬರೂ ಬೇರೆ ಮನೆ ಮಾಡುವಂತಿಲ್ಲ.

"ಹಾಗಾದರೆ ಆ ಬ್ಯಾಕ್ಟೀರಿಯಾಕ್ಕೇ ಔಷಧಿ ಹೊಡೆಯೋಣ ಸ್ವಾಮಿ" ಎಂದೀರಿ. ಬೇಡ. ಮನುಷ್ಯರ, ದನಕರುಗಳ ಕಾಯಿಲೆಗೆ ಕೊಡುವ ಮದ್ದನ್ನು ತೋಟಕ್ಕೆ ಸುರಿಯುವ ಯೋಚನೆಯನ್ನೇ ಮಾಡಬೇಡಿ.

ತಿಗಣೆಗೆ ಹೊರಗೂ ಒಬ್ಬ ನೆಂಟನಿದ್ದಾನೆ, ಇರುವೆ. ತಿಗಣೆ ಬಿಡುವ ಸಿಹಿ ಅಂಟಿನ ಆಸೆಗೆ ಅದು ಕಾವಲು ಕಾಯುತ್ತದೆ. ಮೊದಲು ಇರುವೆಯನ್ನು ಹದ್ದುಬಸ್ತಿನಲ್ಲಿಡಿ. ನೆರಳನ್ನು ಅತಿಯಾಗಿ ತೆಗೆಯಬೇಡಿ. 1983ರಲ್ಲಿ ವೆಸ್ಟ್ ಇಂಡೀಸಿನಿಂದ ನಮ್ಮ ದೇಶಕ್ಕೆ ತಂದ ಲೆಪ್ಟೊಮಾಸ್ಟಿಕ್ಸ್ ಎಂಬ ಪುಟ್ಟ ಕಣಜ ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಮುಗಿಸುತ್ತದೆ. ಇರುವೆಯ ಕಾವಲಿದ್ದರೆ ಪಾಪ, ಅದಕ್ಕೆ ಹತ್ತಿರ ಸುಳಿಯುವುದೂ ಕಷ್ಟ.